ಬಚ್ಚಲಲ್ಲಿ ಜಾರಿ ಬಿದ್ದವರು

ಒಬ್ಬ ಹೆಣ್ಣುಮಗಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ, ಗಂಡ ಹೊಡೆದ ಎಂದು ದೂರು ಕೊಡುತ್ತಾಳೆ. ಕೆಲವು ದಿನ ಕಳೆಯುವಷ್ಟರಲ್ಲಿ ಅದೇ ಹೆಣ್ಣುಮಗಳು, ಯಾರೂ ಹೊಡೆದಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಾಳೆ. ನಾಲ್ಕು ಜನ ಸೇರಿ ರಾಜಿ ಮಾಡಿಸುತ್ತಾರೆ. ಊರು ನಿಟ್ಟುಸಿರು ಬಿಡುತ್ತದೆ. ಇಂಥ ಕಥೆ ಕೇಳಲು ಯಾರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಗುಬ್ಬಿಯ ಹಳ್ಳಿಗಳಲ್ಲಿ, ಕುಣಿಗಲ್‌ನ ಬೀದಿಗಳಲ್ಲಿ, ತುಮಕೂರು ನಗರದ ವಠಾರಗಳಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವರು, ಬಾಗಿಲು ಬಡಿಸಿಕೊಂಡವರು, ಒಲೆಯ ಮುಂದೆ ಎಚ್ಚರ ತಪ್ಪಿದವರು ಬೇಕಾದಷ್ಟಿದ್ದಾರೆ. ಅವರ ಕಣ್ಣಿನ ಸುತ್ತಲಿನ ಕಪ್ಪನ್ನು ನಾವು ನೋಡಿದ್ದೇವೆ. ನೋಡಿಯೂ ನಂಬಿದಂತೆ ನಟಿಸಿದ್ದೇವೆ.

ಆದರೆ ಸೆಪ್ಟೆಂಬರ್ 2011ರಲ್ಲಿ ಹೀಗೆ ದೂರು ಕೊಟ್ಟು ಹಿಂದೆ ಸರಿದವರು ಕನ್ನಡದ ಅತಿ ಜನಪ್ರಿಯ ನಟರಲ್ಲೊಬ್ಬರ ಪತ್ನಿ. ಹಾಗಾಗಿ ಇಡೀ ನಾಡು ಅದನ್ನು ಟಿ.ವಿ.ಯ ಮುಂದೆ ಕೂತು ನೋಡಿತು. ನಟ ದರ್ಶನ್ ವಿರುದ್ಧ ಅವರ ಪತ್ನಿ ವಿಜಯಲಕ್ಷ್ಮಿ ಬೆಂಗಳೂರಿನಲ್ಲಿ ಹಲ್ಲೆಯ ದೂರು ಕೊಟ್ಟರು. ದರ್ಶನ್ ಬಂಧನವಾಯಿತು. ಜೈಲು, ಆಸ್ಪತ್ರೆ, ಜಾಮೀನು ಅರ್ಜಿ ಎಂದು ಸುಮಾರು ಒಂದು ತಿಂಗಳು ಕಳೆಯಿತು. ಅಷ್ಟರೊಳಗೆ ವಿಜಯಲಕ್ಷ್ಮಿಯವರು ತಮ್ಮ ಮಾತನ್ನು ಹಿಂದಕ್ಕೆ ಪಡೆದಿದ್ದರು. ಬಚ್ಚಲಲ್ಲಿ ಬಿದ್ದು ಗಾಯವಾಯಿತು ಎಂಬ ವಿವರಣೆ ಹೊರಬಿತ್ತು. ಅಕ್ಟೋಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು. ಗಂಡ ಹೆಂಡತಿ ಒಂದಾದರು.

ನಾವು ಇಲ್ಲಿ ಆ ಮನೆಯೊಳಗೆ ಏನು ನಡೆಯಿತು ಎಂಬ ತನಿಖೆಗೆ ಇಳಿಯುವುದಿಲ್ಲ. ಅದು ನಮ್ಮ ಕೆಲಸವಲ್ಲ. ದೂರು ಕೊಟ್ಟವರೇ ಹಿಂದೆ ಸರಿದ ಮೇಲೆ ಅದರ ಸತ್ಯಾಸತ್ಯತೆ ಅವರಿಬ್ಬರಿಗೆ ಮತ್ತು ದೇವರಿಗೆ ಬಿಟ್ಟದ್ದು. ನಮ್ಮ ಪ್ರಶ್ನೆ ಬೇರೆ. ಆ ಮನೆಯ ಹೊರಗೆ ನಿಂತಿದ್ದ ನಾವು ಏನು ಮಾಡಿದೆವು? ಜಗಳ ಅವರದು, ಸರಿ. ತೀರ್ಪು ಕೊಟ್ಟವರು ಯಾರು? ಆ ತೀರ್ಪಿನ ದಂಡವನ್ನು ಕಟ್ಟಿದವರು ಯಾರು?

ದಂಡ ಕಟ್ಟಿದ ಮೂರನೆಯವಳು

ಆ ದಿನಗಳಲ್ಲಿ ಚಿತ್ರರಂಗ ತೆಗೆದುಕೊಂಡ ಮೊದಲ ದೊಡ್ಡ ತೀರ್ಮಾನವನ್ನು ನೆನಪಿಸಿಕೊಳ್ಳಿ. ಹಲ್ಲೆಯ ಆರೋಪ ಇದ್ದದ್ದು ನಾಯಕನ ಮೇಲೆ. ಬಂಧನವಾದದ್ದೂ ನಾಯಕನದ್ದೇ. ಆದರೆ ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ಮೂರು ವರ್ಷಗಳ ನಿಷೇಧ ಹೇರಿದ್ದು ನಟಿ ನಿಖಿತಾ ಅವರ ಮೇಲೆ! ಆಕೆಯ ಅಪರಾಧ ಏನು? ಆ ದಂಪತಿಯ ಸಂಸಾರ ಕೆಡಲು ಆಕೆ ಕಾರಣ ಎಂಬ ಮಾತು. ಯಾವ ಠಾಣೆಯಲ್ಲೂ ಆಕೆಯ ಮೇಲೆ ಹಲ್ಲೆಯ ದೂರಿರಲಿಲ್ಲ. ಯಾವ ನ್ಯಾಯಾಲಯವೂ ಆಕೆಯನ್ನು ತಪ್ಪಿತಸ್ಥೆ ಎಂದಿರಲಿಲ್ಲ. ಆದರೂ ಆಕೆಯ ಅನ್ನದ ತಟ್ಟೆಯನ್ನು ಕಿತ್ತುಕೊಳ್ಳಲು ಒಂದು ಸಭೆ ಸಾಕಾಯಿತು.

ವಿರೋಧ ಎದ್ದಿತು. ಚಿತ್ರರಂಗದ ಒಳಗಿನಿಂದಲೂ ಹೊರಗಿನಿಂದಲೂ ಪ್ರಶ್ನೆಗಳು ಬಂದವು. ಕೆಲವೇ ದಿನಗಳಲ್ಲಿ ಸಂಘ ನಿಷೇಧವನ್ನು ಹಿಂತೆಗೆದುಕೊಂಡಿತು. ಮುಂದೆ 2012ರಲ್ಲಿ ತೆರೆಕಂಡ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ದರ್ಶನ್ ಜೊತೆ ನಿಖಿತಾ ಕೂಡ ಇದ್ದರು. ಅಂದರೆ ಚಿತ್ರರಂಗಕ್ಕೂ ತನ್ನ ತೀರ್ಮಾನದಲ್ಲಿ ನಂಬಿಕೆ ಇರಲಿಲ್ಲ ಎಂದಾಯಿತು. ಆದರೆ ನಿಷೇಧ ಹೋದ ಮೇಲೂ ಅದರ ಹಿಂದಿದ್ದ ಮಾತು ಹೋಗಲಿಲ್ಲ. ಆ ಮಾತು ಬಹಳ ಸರಳ: ಗಂಡಸು ತಪ್ಪು ಮಾಡಿದ ಎಂಬ ಸುದ್ದಿ ಬಂದರೆ ಮೊದಲು ಹತ್ತಿರದ ಹೆಂಗಸನ್ನು ಹುಡುಕು. ಹೆಂಡತಿಯಲ್ಲದಿದ್ದರೆ ಇನ್ನೊಬ್ಬಳು. ಇನ್ನೊಬ್ಬಳು ಸಿಗದಿದ್ದರೆ ಹೆಂಡತಿ.

ಕುಣಿಗಲ್ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಾಗಲಿ, ಗುಬ್ಬಿಯ ಅಡಿಕೆ ಮಂಡಿಯಲ್ಲಾಗಲಿ, ತುಮಕೂರಿನ ಬಿ.ಎಚ್. ರಸ್ತೆಯ ಕ್ಷೌರದ ಅಂಗಡಿಯಲ್ಲಾಗಲಿ ಈ ಮಾತು ಹೊಸದಲ್ಲ. ಗಂಡ ಕುಡಿದು ಬಂದರೆ 'ಮನೆಯಲ್ಲಿ ನೆಮ್ಮದಿ ಇಲ್ಲದಿದ್ದರೆ ಗಂಡಸು ಏನು ಮಾಡಿಯಾನು?' ಗಂಡ ಬಿಟ್ಟು ಹೋದರೆ 'ಇಟ್ಟುಕೊಳ್ಳಲು ಬರಲಿಲ್ಲ ಅವಳಿಗೆ.' ಗಂಡ ಹೊಡೆದರೆ 'ಇವಳೇನು ಕಡಿಮೆಯೇ, ಬಾಯಿ ನೋಡಿದ್ದೀರಾ?' ಚಿತ್ರರಂಗದ ದೊಡ್ಡವರು ಬೆಂಗಳೂರಿನ ಸಭಾಂಗಣದಲ್ಲಿ ಕೂತು ಮಾಡಿದ್ದು ಇದನ್ನೇ. ಊರಿನ ಕಟ್ಟೆ ಪಂಚಾಯಿತಿಗೆ ಅವರು ಲೆಟರ್‌ಹೆಡ್ ಮಾಡಿಸಿಕೊಟ್ಟರು, ಅಷ್ಟೆ.

ಟಿಕೆಟ್ ಕೊಟ್ಟವರ ತೀರ್ಪು

ಇನ್ನು ನಮ್ಮ ತೀರ್ಪಿಗೆ ಬರೋಣ. ದರ್ಶನ್ ಜೈಲು ವಾಸದಲ್ಲಿದ್ದಾಗಲೇ, ಸೆಪ್ಟೆಂಬರ್ 30, 2011ರಂದು ಅವರ 'ಸಾರಥಿ' ಬಿಡುಗಡೆಯಾಯಿತು. ಅವರ ತಮ್ಮ ದಿನಕರ್ ತೂಗುದೀಪ ನಿರ್ದೇಶಿಸಿದ ಚಿತ್ರ. ನಾಯಕನೇ ಸೆರೆಯಲ್ಲಿರುವಾಗ ಚಿತ್ರ ಮುಳುಗುತ್ತದೆ ಎಂದು ಲೆಕ್ಕ ಹಾಕಿದವರಿದ್ದರು. ಮುಳುಗಲಿಲ್ಲ. ಆ ವರ್ಷದ ಅತಿ ದೊಡ್ಡ ಗೆಲುವುಗಳಲ್ಲಿ ಒಂದಾಯಿತು. ಹೌಸ್‌ಫುಲ್ ಬೋರ್ಡು ತೂಗಿತು. ಕಟೌಟಿಗೆ ಹಾಲು ಸುರಿಯಿತು. ಹಾರಗಳು ಬಿದ್ದವು.

ಒಳ್ಳೆಯ ಚಿತ್ರವನ್ನು ಜನ ನೋಡಿದರೆ ಅದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪಿಲ್ಲ. ನಟನ ಮೇಲೆ ಆರೋಪ ಬಂತೆಂದು ನೂರಾರು ಕಾರ್ಮಿಕರ ದುಡಿಮೆಯ ಚಿತ್ರವನ್ನು ಬಹಿಷ್ಕರಿಸಬೇಕು ಎಂದು ನಾವೂ ಹೇಳುವುದಿಲ್ಲ. ಆದರೆ ಆ ಹಾಲಿನ ಅಭಿಷೇಕ ಚಿತ್ರಕ್ಕೆ ನಡೆಯಿತೇ? ಅಲ್ಲ. 'ನಮ್ಮ ಬಾಸ್‌ಗೆ ಏನೂ ಆಗಲ್ಲ' ಎಂಬ ಘೋಷಣೆಗೆ ನಡೆಯಿತು. ಟಿಕೆಟ್ ಎಂಬುದು ಮತಪತ್ರವಾಯಿತು. ಜನ ಮತ ಹಾಕಿದರು, ಬಾಸ್ ಗೆದ್ದರು. ಗೆದ್ದವರಿದ್ದಾರೆ ಎಂದ ಮೇಲೆ ಸೋತವರೂ ಇರಬೇಕಲ್ಲವೇ? ಯಾರವರು?

ಸೋತವಳು ವಿಜಯಲಕ್ಷ್ಮಿ ಎಂದು ನಾವು ಹೇಳುವುದಿಲ್ಲ. ಅವರು ತಮ್ಮ ದಾರಿಯನ್ನು ಆರಿಸಿಕೊಂಡರು. ಅವರಿಗೆ ಹೆಸರಿದೆ, ವಕೀಲರಿದ್ದಾರೆ, ಅವರ ಮಾತು ಬರೆದುಕೊಳ್ಳಲು ಮೈಕು ಹಿಡಿದವರಿದ್ದಾರೆ. ಸೋತವಳು ಗುಬ್ಬಿಯ ಆ ಹೆಂಗಸು. ರಾತ್ರಿ ತಿಂದ ಏಟಿನ ಊತವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬೆಳಗ್ಗೆ ಕೂಲಿಗೆ ಹೋಗುವ ಮುಂಚೆ ನೆರೆಮನೆಯ ಟಿ.ವಿ.ಯಲ್ಲಿ ಈ ಸುದ್ದಿಯನ್ನು ನೋಡಿದವಳು. ಆಕೆ ಏನು ಕಲಿತಳು? ಅಷ್ಟು ದೊಡ್ಡವರ ಹೆಂಡತಿಯೇ ದೂರು ವಾಪಸು ತೆಗೆದುಕೊಳ್ಳಬೇಕಾಯಿತು, ನಾನು ಯಾವ ಲೆಕ್ಕ? ಅಂಥವರ ದೂರಿಗೇ ಜನ ಬಾಯಿಗೆ ಬಂದಂತೆ ಆಡಿದರು, ನನ್ನನ್ನು ಬಿಟ್ಟಾರೆಯೇ? ತಾರೆಯ ಮನೆಯ ಜಗಳಕ್ಕೆ ಬೀದಿಯಲ್ಲಿ ಕೂತು ನಾವು ಕೊಡುವ ಪ್ರತಿ ತೀರ್ಪೂ ಅದೇ ಬೀದಿಯ ಹೆಂಗಸಿಗೆ ಕೊಡುವ ಎಚ್ಚರಿಕೆ. ತಾರೆಯ ಕಿವಿಗೆ ನಮ್ಮ ಮಾತು ಬೀಳುವುದಿಲ್ಲ. ಪಕ್ಕದ ಮನೆಯವಳ ಕಿವಿಗೆ ಬೀಳುತ್ತದೆ.

ಇದು ನಮ್ಮ ಊಹೆಯಷ್ಟೇ ಎನ್ನುವವರು ಸರಕಾರದ ಲೆಕ್ಕವನ್ನೇ ನೋಡಲಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 21ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯಲ್ಲಿ, ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದು ಒಪ್ಪಿದವರು ನಮ್ಮ ರಾಜ್ಯದ ಗಂಡಸರಲ್ಲಿ ನೂರಕ್ಕೆ ಸುಮಾರು 82, ಹೆಂಗಸರಲ್ಲಿ ಸುಮಾರು 77. ಇಡೀ ದೇಶದಲ್ಲಿ ದೌರ್ಜನ್ಯ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14. ಯಾರಿಗೂ ಹೇಳದೆ, ಏನೂ ಕೇಳದೆ ನುಂಗಿಕೊಂಡವರು ನೂರಕ್ಕೆ 77. ಈ ಎಪ್ಪತ್ತೇಳು ಮಂದಿಯೇ ನಾವು ಹೇಳಿದ ಬಚ್ಚಲಲ್ಲಿ ಜಾರಿ ಬಿದ್ದವರು.

ಇದು ನಮ್ಮಲ್ಲಿ ಮಾತ್ರ ಇರುವ ರೋಗವೂ ಅಲ್ಲ. ಫೆಬ್ರವರಿ 2009ರಲ್ಲಿ ಅಮೆರಿಕದಲ್ಲಿ ಗಾಯಕಿ ರಿಹಾನಾಳನ್ನು ಆಕೆಯ ಗೆಳೆಯ, ಗಾಯಕ ಕ್ರಿಸ್ ಬ್ರೌನ್ ಥಳಿಸಿದ. ಮುಂದೆ ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆ ಸಮಯದಲ್ಲಿ ಬಾಸ್ಟನ್ ನಗರದ ಸಾರ್ವಜನಿಕ ಆರೋಗ್ಯ ಆಯೋಗ ಅಲ್ಲಿನ 200 ಹದಿಹರೆಯದ ಮಕ್ಕಳನ್ನು ಪ್ರಶ್ನಿಸಿತು. ನಡೆದದ್ದಕ್ಕೆ ರಿಹಾನಾಳೇ ಹೊಣೆ ಎಂದವರು ನೂರಕ್ಕೆ 46! ಏಟು ತಿಂದ ಮುಖವನ್ನು ಜಗತ್ತೇ ನೋಡಿದ ಮೇಲೂ ಅರ್ಧಕ್ಕರ್ಧ ಮಕ್ಕಳು ಏಟು ತಿಂದವಳ ಕಡೆಗೇ ಬೆರಳು ತೋರಿಸಿದರು. ಆ ಮಕ್ಕಳಿಗೆ ಅದನ್ನು ಕಲಿಸಿದವರು ಯಾರು? ಮನೆಯಲ್ಲಿ, ಬೀದಿಯಲ್ಲಿ, ಟಿ.ವಿ. ಮುಂದೆ ಕೂತು ಮಾತಾಡಿದ ದೊಡ್ಡವರು.

ಮಾತು ನಡೆದು ಬಂದ ದಾರಿ

2011ರಲ್ಲಿ ಆಡಿದ ಮಾತು 2011ಕ್ಕೇ ಮುಗಿದಿದ್ದರೆ ಇದನ್ನು ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಅದು ಮುಗಿಯಲಿಲ್ಲ. ಜೂನ್ 9, 2024ರಂದು ಬೆಂಗಳೂರಿನ ಸುಮನಹಳ್ಳಿ ಬಳಿ ರಾಜಕಾಲುವೆಯಲ್ಲಿ ಒಂದು ಶವ ಸಿಕ್ಕಿತು. ಚಿತ್ರದುರ್ಗದಲ್ಲಿ ಔಷಧ ಅಂಗಡಿಯ ನೌಕರನಾಗಿದ್ದ 33 ವರ್ಷದ ಯುವಕನ ಶವ. ಈ ಕೊಲೆ ಪ್ರಕರಣದಲ್ಲಿ ನಟಿ ಪವಿತ್ರಾ ಗೌಡ ಮೊದಲ ಆರೋಪಿ, ದರ್ಶನ್ ಎರಡನೇ ಆರೋಪಿ. ಒಟ್ಟು 17 ಮಂದಿ. ಪೊಲೀಸರು ಹೇಳುವ ಪ್ರಕಾರ ಆ ಯುವಕ ದರ್ಶನ್ ಅಭಿಮಾನಿ. ಪವಿತ್ರಾ ಅವರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ಆತನನ್ನು ಚಿತ್ರದುರ್ಗದಿಂದ ಕರೆತಂದು ಹೊಡೆದು ಕೊಂದರು ಎಂಬುದು ಆರೋಪ. ನವೆಂಬರ್ 2025ರಲ್ಲಿ ನ್ಯಾಯಾಲಯ ಆರೋಪ ನಿಗದಿ ಮಾಡಿದಾಗ ಆರೋಪಿಗಳು ಅದನ್ನು ಒಪ್ಪಿಕೊಳ್ಳಲಿಲ್ಲ. ನ್ಯಾಯಾಲಯ ಹೇಳುವವರೆಗೆ ಆರೋಪ ಆರೋಪವೇ. ನಮಗೆ ಅದರಲ್ಲಿ ಅನುಮಾನವಿಲ್ಲ.

ಆದರೆ ಒಬ್ಬ ಅಭಿಮಾನಿಗೆ ತನ್ನ ನಾಯಕನ ಸಂಸಾರವನ್ನು ಕಾಯುವ ಹೊಣೆ ತನ್ನದು ಎಂದು ಯಾಕೆ ಅನಿಸಬೇಕು? ತಾನು ಕಂಡಿರದ ಒಬ್ಬ ಹೆಂಗಸಿಗೆ ಕೊಳಕು ಸಂದೇಶ ಕಳುಹಿಸುವ ಹಕ್ಕು ತನಗಿದೆ ಎಂದು ಯಾಕೆ ಅನಿಸಬೇಕು? ನಾಯಕನ ಮನೆಯಲ್ಲಿ ಬಿರುಕು ಬಿಟ್ಟರೆ ಆ 'ಇನ್ನೊಬ್ಬಳು' ಯಾರೆಂದು ಹುಡುಕಿ ಶಿಕ್ಷೆ ಕೊಡಬೇಕು ಎಂದು 2011ರಲ್ಲಿ ಒಂದು ದೊಡ್ಡ ಸಂಘವೇ ತೋರಿಸಿಕೊಟ್ಟಿತ್ತು. ನಾಡು ಚಪ್ಪಾಳೆ ಹೊಡೆದಿತ್ತು. ಹದಿಮೂರು ವರ್ಷಗಳಲ್ಲಿ ಆ ಪಾಠ ಸಂಘದ ಸಭಾಂಗಣದಿಂದ ಪ್ರತಿ ಹುಡುಗನ ಅಂಗೈಯ ಮೊಬೈಲಿಗೆ ಇಳಿದು ಬಂತು. ಕೊಂದವರ ಹೊಣೆ ಕೊಂದವರದೇ. ಅದನ್ನು ಯಾರೂ ಹಂಚಿಕೊಳ್ಳಲಾಗದು. ಆದರೆ ಸತ್ತವನ ಬೆರಳಿನಲ್ಲಿದ್ದ ಆ ಕೊಳಕು ನಾವೆಲ್ಲ ಸೇರಿ ಬೆಳೆಸಿದ್ದು. ಆತ ಸತ್ತಾಗ ಹೆಂಡತಿ ಬಸುರಿ. ಕೆಲವು ತಿಂಗಳ ನಂತರ ತಂದೆಯಿಲ್ಲದ ಮಗು ಹುಟ್ಟಿತು.

ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ತುಮಕೂರಿನ ಮಗ್ಗುಲಲ್ಲೇ ಹಾದು ಹೋಗುತ್ತದೆ. ಬಂಧಿತರಾದವರಲ್ಲಿ ನಾಲ್ವರನ್ನು ಜೂನ್ 2024ರಲ್ಲಿ ತುಮಕೂರಿನ ಜೈಲಿಗೇ ಕಳುಹಿಸಲಾಯಿತು. ಬೆಂಗಳೂರಿನ ಜೈಲಿನಲ್ಲಿ ಕುರ್ಚಿ ಹಾಕಿ ಕೂತು ಚಹಾ, ಸಿಗರೇಟಿನೊಂದಿಗೆ ಹರಟುತ್ತಿದ್ದ ನಾಯಕನ ಫೋಟೋ ಆಗಸ್ಟ್‌ನಲ್ಲಿ ಹೊರಬಿತ್ತು, ಬಳಿಕ ಅವರನ್ನು ಬಳ್ಳಾರಿಗೆ ಸಾಗಿಸಲಾಯಿತು. ಆ ಫೋಟೋವನ್ನೂ ಸಂಭ್ರಮಿಸಿದವರಿದ್ದರು. ಆದರೆ ತುಮಕೂರು ಜೈಲಿನಲ್ಲಿದ್ದವರ ಫೋಟೋ ಯಾರಿಗೆ ಬೇಕಿತ್ತು? ಅವರ ಹೆಸರಿನಲ್ಲಿ ಯಾವ ಊರಿನಲ್ಲಿ ಫ್ಲೆಕ್ಸ್ ಎದ್ದಿತು? ಅಭಿಮಾನಿ ಸಂಘದ ಬ್ಯಾನರ್ ಹಿಡಿಯುವ ಗುಬ್ಬಿ, ಕುಣಿಗಲ್‌ನ ಹುಡುಗರು ಈ ವ್ಯತ್ಯಾಸವನ್ನು ಒಮ್ಮೆ ಕೂತು ಯೋಚಿಸಬೇಕು. ನಾಯಕ ಜೈಲಿಗೆ ಹೋದರೆ ಕಟೌಟು. ಬೇರೆಯವರು ಹೋದರೆ ಮನೆಯ ಹೆಂಗಸರು ಕೋರ್ಟಿನ ಕಂಬಕ್ಕೆ ಒರಗಿ ವಕೀಲರ ದಾರಿ ಕಾಯುತ್ತಾರೆ.

ಆ ಸಂಭ್ರಮದ ಪರಮಾವಧಿಯನ್ನು ನಾವು ಕಂಡದ್ದು ಕೈದಿ ಸಂಖ್ಯೆಯಲ್ಲಿ. ದರ್ಶನ್‌ಗೆ ಜೈಲಿನಲ್ಲಿ ಕೊಟ್ಟ 6106 ಎಂಬ ಸಂಖ್ಯೆಯನ್ನು ಅಭಿಮಾನಿಗಳು ವಾಹನಗಳ ಮೇಲೆ ಬರೆಸಿದರು, ಮೈಮೇಲೆ ಹಚ್ಚೆ ಹಾಕಿಸಿಕೊಂಡರು. ಹಾಲುಗಲ್ಲದ ಕೂಸಿಗೆ ಕೈದಿಯ ಬಟ್ಟೆ ಹೊಲಿಸಿ, ಅದೇ ಸಂಖ್ಯೆ ಬರೆದು ಫೋಟೋ ತೆಗೆಸಿದ ತಂದೆತಾಯಿಯೂ ಇದ್ದರು! ಚಿತ್ರದುರ್ಗದಲ್ಲಿ ಇನ್ನೊಂದು ಕೂಸು ಹುಟ್ಟುವ ಮುಂಚೆಯೇ ತಂದೆಯನ್ನು ಕಳೆದುಕೊಂಡಿತ್ತು ಎಂಬುದು ಆ ಕ್ಷಣದಲ್ಲಿ ಅವರ ನೆನಪಿಗೆ ಬರಲಿಲ್ಲವೇ? ಜುಲೈ 2025ರಲ್ಲಿ ನಟಿ ರಮ್ಯಾ ಸತ್ತವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬರ್ಥದ ಒಂದು ಮಾತು ಬರೆದದ್ದಕ್ಕೆ ಆಕೆಗೆ ಬಂದ ಬೈಗುಳಗಳು ಓದಲಾಗದಷ್ಟು ಹೊಲಸು. ಆಕೆ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಬಂಧನಗಳಾದವು. ಆಗಸ್ಟ್ 14, 2025ರಂದು ಸುಪ್ರೀಂ ಕೋರ್ಟ್ ದರ್ಶನ್ ಸೇರಿದಂತೆ ಏಳು ಮಂದಿಯ ಜಾಮೀನನ್ನು ರದ್ದು ಮಾಡಿತು. ನಿಖಿತಾ, ಪವಿತ್ರಾ, ರಮ್ಯಾ: ಮೂವರ ಸ್ಥಿತಿಗತಿ ಬೇರೆಬೇರೆ. ಒಬ್ಬರ ಮೇಲೆ ಕೊಲೆಯ ಆರೋಪವಿದೆ, ಇನ್ನಿಬ್ಬರ ಮೇಲೆ ಯಾವ ಅಪರಾಧದ ಆರೋಪವೂ ಇಲ್ಲ. ಆದರೆ ಬೀದಿ ಅವರಿಗೆ ಬಳಸಿದ ಪದ ಒಂದೇ. ಕಾನೂನು ವ್ಯತ್ಯಾಸ ನೋಡುತ್ತದೆ, ಬೀದಿಗೆ ಹೆಣ್ಣೆಂದರೆ ಸಾಕು.

ಇನ್ನು ವಿಜಯಲಕ್ಷ್ಮಿಯವರನ್ನು ಇದೇ ಬೀದಿ ಈಗ 'ಅತ್ತಿಗೆ' ಎಂದು ಕರೆದು ಮೆರೆಸುತ್ತದೆ. ಗಂಡನ ಕಷ್ಟದಲ್ಲಿ ನಿಂತವರು ಎಂದು ಹೊಗಳುತ್ತದೆ. ನಿಂತರೆ ಅದು ಅವರ ಇಷ್ಟ, ಅವರ ಧೈರ್ಯ. ಆದರೆ ಆ ಹೊಗಳಿಕೆಯ ಹಿಂದಿರುವ ಷರತ್ತು ಗಮನಿಸಿ. ದೂರು ಕೊಟ್ಟ ದಿನ ಆಕೆ ಅತ್ತಿಗೆಯಾಗಿರಲಿಲ್ಲ. ಮನೆ ಒಡೆದವಳಾಗಿದ್ದರು. ಸಹಿಸಿಕೊಂಡರೆ ದೇವತೆ, ಬಾಯಿ ಬಿಟ್ಟರೆ ಮಾರಿ. ಇದು ಹೊಗಳಿಕೆಯೇ? ಬಾಯಿಗೆ ಹಾಕುವ ಬೀಗಕ್ಕೆ ಕಟ್ಟಿದ ಹೂವು.

ಗುಬ್ಬಿಯ ಮಣ್ಣಿಗೆ ಗೊತ್ತಿದ್ದದ್ದು

ಈ ಮಾತನ್ನು ಗುಬ್ಬಿಯಲ್ಲಿ ನಿಂತು ಆಡುವಾಗ ಇನ್ನಷ್ಟು ನೋವಾಗುತ್ತದೆ. ಕನ್ನಡ ವೃತ್ತಿ ರಂಗಭೂಮಿಗೆ ಗುಬ್ಬಿ ಹೆಸರು ಕೊಟ್ಟ ಊರು. 1884ರಲ್ಲಿ ಇಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ದೇಶಕ್ಕೇ ಪರಿಚಯವಾಗುವಂತೆ ಬೆಳೆಸಿದರು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಕಂಪನಿಗಳಲ್ಲಿ ಅದೂ ಒಂದು. ಬಿ. ಜಯಮ್ಮನವರಂಥ ಕಲಾವಿದೆ ಅಲ್ಲಿ ಬೆಳೆದರು. ರಾಜಕುಮಾರ್ ಆ ಕಂಪನಿಯಲ್ಲಿ ಪಳಗಿದವರು. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ.

ಅಂದಿನ ಪ್ರೇಕ್ಷಕರು ದೇವತೆಗಳಾಗಿದ್ದರು ಎಂದು ನಾವು ಹೇಳುವುದಿಲ್ಲ. ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಸೀತೆಗೆ ಕೈಮುಗಿದವನು ಬೆಳಗ್ಗೆ ಅದೇ ಸೀತೆಯ ನಡತೆಯ ಬಗ್ಗೆ ಕಟ್ಟೆಯಲ್ಲಿ ನಗೆಯಾಡುತ್ತಿದ್ದ. ಬಣ್ಣ ಹಚ್ಚಿದ ಹೆಣ್ಣಿನ ಮೇಲೆ ಯಾರು ಏನು ಬೇಕಾದರೂ ಅನ್ನಬಹುದು ಎಂಬ ರೂಢಿ ಅಂದೂ ಇತ್ತು. ಆ ರೂಢಿಯ ವಿರುದ್ಧ ಆ ಹೆಣ್ಣುಮಕ್ಕಳು ತಮ್ಮ ಕಲೆಯೊಂದನ್ನೇ ಹಿಡಿದು ನಿಂತರು. ಅವರು ಗೆದ್ದುಕೊಟ್ಟ ಮರ್ಯಾದೆಯನ್ನು ನೂರು ವರ್ಷಗಳ ನಂತರವೂ ಉಳಿಸಿಕೊಳ್ಳಲಾಗದ ನಾವು, ಕಲೆಯ ತವರು ನಮ್ಮದು ಎಂದು ಹೇಳಿಕೊಳ್ಳುವುದಕ್ಕೆ ಏನರ್ಥ?

ನಮ್ಮ ಮೊಹಲ್ಲಾಗಳು ಹೊರತೇ?

ಇದನ್ನೆಲ್ಲ ಓದಿ, ಇದು ಸಿನೆಮಾದವರ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮ ಮುಸ್ಲಿಂ ಓದುಗರು ಪುಟ ತಿರುಗಿಸಬಾರದು. ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ 2010ರಲ್ಲಿ ಪಾಕಿಸ್ತಾನದ ಕ್ರಿಕೆಟಿಗ ಶೋಯೆಬ್ ಮಲಿಕ್‌ರನ್ನು ಮದುವೆಯಾದಾಗ ದೇಶದ ಒಂದು ಗುಂಪು ಆಕೆಯ ದೇಶಪ್ರೇಮವನ್ನೇ ಪ್ರಶ್ನಿಸಿತು. ಅದು ನಮಗೆ ನೋವು ತಂದಿತು. ಸರಿಯಾಗಿಯೇ ಸಿಟ್ಟಾದೆವು. ಆದರೆ ಆಕೆಯ ಸ್ಕರ್ಟಿನ ಉದ್ದವನ್ನು ಅಳೆದವರಲ್ಲಿ ನಮ್ಮವರು ಇರಲಿಲ್ಲವೇ? ಜನವರಿ 2024ರಲ್ಲಿ ಮಲಿಕ್ ಇನ್ನೊಂದು ಮದುವೆಯಾದ ಸುದ್ದಿ ಬಂದಾಗ, ಸಾನಿಯಾ ಅದಕ್ಕೂ ಮುಂಚೆಯೇ ಖುಲಾ ಪಡೆದಿದ್ದರು ಎಂದು ಆಕೆಯ ಕುಟುಂಬ ತಿಳಿಸಿತು. ಖುಲಾ ಎಂದರೆ ಹೆಣ್ಣು ತಾನಾಗಿ ಕೇಳಿ ಪಡೆಯುವ ವಿಚ್ಛೇದನ. ಧರ್ಮವೇ ಆಕೆಗೆ ಕೊಟ್ಟ ಹಕ್ಕು. ಆ ಹಕ್ಕನ್ನು ಬಳಸಿದವಳಿಗೆ 'ಆಟ ಆಡಿಕೊಂಡಿದ್ದರೆ ಸಂಸಾರ ನಿಲ್ಲುತ್ತದೆಯೇ?' ಎಂದು ಕೊಂಕು ನುಡಿದ ಬಾಯಿಗಳು ನಮ್ಮ ಮೊಹಲ್ಲಾಗಳಲ್ಲೂ ಇದ್ದವು.

ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತರಲಾಗದವನಿಗೆ ಎಂಬತ್ತು ಛಡಿಯೇಟು, ಆತನ ಸಾಕ್ಷ್ಯವನ್ನು ಮುಂದೆಂದೂ ಒಪ್ಪಬಾರದು ಎಂದು ಅನ್ನೂರ್ ಅಧ್ಯಾಯದಲ್ಲಿ ಕುರ್‌ಆನ್ ಹೇಳುತ್ತದೆ. ಇದು ನಮಗೆಲ್ಲ ಗೊತ್ತು. ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ಮಸೀದಿಯ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಯಾರದೋ ಮಗಳ ಬಗ್ಗೆ ನಾಲ್ಕು ಮಾತು ಆಡಿ ಮುಗಿಸಿರುತ್ತೇವೆ. ಏಟು ತಿಂದು ಜಮಾಅತ್‌ನವರ ಮುಂದೆ ಬಂದ ಹೆಣ್ಣಿಗೆ 'ಸಬರ್ ಮಾಡು ಬೇಟಿ' ಎನ್ನುತ್ತೇವೆ. ಪಕ್ಕದ ಬೀದಿಯಲ್ಲಿ 'ಹೊಂದ್ಕೊಂಡು ಹೋಗಮ್ಮ' ಎನ್ನುತ್ತಾರೆ. ಭಾಷೆ ಬೇರೆ, ಉಪದೇಶ ಒಂದೇ. ಎರಡರಲ್ಲೂ ಸಹನೆಯ ಪಾಠ ಏಟು ತಿಂದವಳಿಗೆ ಮಾತ್ರ. ಕೈಯೆತ್ತಿದವನಿಗೆ ಸಬರ್ ಕಲಿಸಿದ ಪಂಚಾಯಿತಿ ಎಷ್ಟಿವೆ?

ಕೇಳಿಬರುವ ಸಮರ್ಥನೆಗಳು

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಮೊದಲು ತರುತ್ತಾರೆ. ಗಾದೆ ಜಗಳದ ಬಗ್ಗೆ ಹೇಳಿದೆ. ಮೂಳೆ ಮುರಿಯುವುದರ ಬಗ್ಗೆ ಹೇಳಿಲ್ಲ. ಇಬ್ಬರೂ ಮಾತಾಡಿ, ಇಬ್ಬರೂ ಮುನಿಸಿಕೊಂಡು, ಇಬ್ಬರೂ ಉಣ್ಣುವುದು ಜಗಳ. ಒಬ್ಬನು ಹೊಡೆದು, ಒಬ್ಬಳು ಉಪವಾಸ ಮಲಗುವುದಕ್ಕೆ ಬೇರೆ ಹೆಸರಿದೆ. ಅದಕ್ಕೆ 1983ರಲ್ಲೇ ದಂಡ ಸಂಹಿತೆಯಲ್ಲಿ 498ಎ ಕಲಂ ಬಂತು. ಅಕ್ಟೋಬರ್ 2006ರಿಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಯಲ್ಲಿದೆ. ಮನೆಯೊಳಗಿನ ಹೊಡೆತ ಮನೆಯ ವಿಷಯವಲ್ಲ ಎಂದು ದೇಶ ತೀರ್ಮಾನಿಸಿ ಇಷ್ಟು ವರ್ಷಗಳಾದವು. ಕಟ್ಟೆಗೆ ಮಾತ್ರ ಸುದ್ದಿ ತಲುಪಿಲ್ಲ.

'ಅವಳೇ ಕ್ಷಮಿಸಿದ್ದಾಳೆ, ನಿಮಗೇನು?' ಎನ್ನುತ್ತಾರೆ. ಕ್ಷಮೆ ದೊಡ್ಡ ಗುಣ. ಆದರೆ ಹಿಂದೆ ಅಭಿಮಾನಿಗಳ ಗುಂಪು, ಮುಂದೆ ಕ್ಯಾಮರಾ, ಮನೆಯಲ್ಲಿ ಚಿಕ್ಕ ಮಗು, ಕಿವಿಯಲ್ಲಿ ಹಿರಿಯರ ಒತ್ತಾಯ, ಇಷ್ಟರ ನಡುವೆ ಒಬ್ಬ ಹೆಣ್ಣು ಆಡುವ ಮಾತು ಕ್ಷಮೆಯೋ ಶರಣಾಗತಿಯೋ ಎಂದು ಹೊರಗಿನವರು ಹೇಗೆ ಹೇಳುವುದು? ಬೇಡವೆನ್ನುವ ಸ್ವಾತಂತ್ರ್ಯ ಇದ್ದವರ ಕ್ಷಮೆಗೆ ಮಾತ್ರ ಬೆಲೆ. ಆ ಸ್ವಾತಂತ್ರ್ಯವನ್ನು ಹೆಣ್ಣಿಗೆ ಉಳಿಸಿಕೊಡುವುದೇ ಹೊರಗೆ ನಿಂತವರ ಕೆಲಸ. ನಾವು ಅದನ್ನೇ ಕಿತ್ತುಕೊಂಡೆವು.

'ಸುಳ್ಳು ದೂರುಗಳೂ ಇರುತ್ತವೆ' ಎನ್ನುತ್ತಾರೆ. ಇರುತ್ತವೆ, ಅಲ್ಲಗಳೆಯುವುದಿಲ್ಲ. ಅದಕ್ಕಾಗಿಯೇ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 498ಎ ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸಬಾರದು ಎಂದು ಪೊಲೀಸರಿಗೆ ಕಟ್ಟುನಿಟ್ಟು ಮಾಡಿತು. ದೂರು ಸುಳ್ಳೋ ನಿಜವೋ ಎಂದು ನೋಡಲು ತನಿಖಾಧಿಕಾರಿ ಇದ್ದಾನೆ, ನ್ಯಾಯಾಧೀಶರಿದ್ದಾರೆ. ಚಹಾ ಅಂಗಡಿಗೆ ಆ ಅಧಿಕಾರ ಯಾರು ಕೊಟ್ಟರು? ಸುಳ್ಳು ದೂರಿನಿಂದ ಗಂಡಸಿಗೆ ಅನ್ಯಾಯವಾಗಬಾರದು ಎನ್ನುವವರು, ವಿಚಾರಣೆಯೇ ಇಲ್ಲದೆ ನಿಖಿತಾ ಅವರಿಗೆ ನಿಷೇಧ ಹಾಕಿದಾಗ ಎಲ್ಲಿ ಹೋಗಿದ್ದರು?

'ಆತ ಎಷ್ಟು ಜನರಿಗೆ ಸಹಾಯ ಮಾಡಿದ್ದಾನೆ ಗೊತ್ತೇ?' ಇದು ಕೊನೆಯ ಬಾಣ. ಮಾಡಿರಬಹುದು. ಆ ಪುಣ್ಯ ಅವರದ್ದು. ದಾನ ಮಾಡಿದವನಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಕೃತಜ್ಞತೆಯನ್ನು ನಮ್ಮ ಜೇಬಿನಿಂದ ಕೊಡಬೇಕು, ಇನ್ನೊಬ್ಬಳ ಬೆನ್ನಿನ ಮೇಲಿನ ಬಾಸುಂಡೆಯಿಂದ ಕೊಡಬಾರದು.

ಹಾಗಾದರೆ ಏನು ಮಾಡಬೇಕು?

ಸಿನೆಮಾ ನೋಡುವುದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಅಭಿಮಾನ ಪಾಪವೆಂದೂ ಹೇಳುತ್ತಿಲ್ಲ. ಬಡ ಹುಡುಗನ ಬದುಕಿನಲ್ಲಿ ಅವನ ನಾಯಕ ಎಷ್ಟು ದೊಡ್ಡ ಬೆಳಕು ಎಂಬುದು ನಮಗೆ ಗೊತ್ತು. ಪರದೆಯ ಮೇಲೆ ಆ ನಾಯಕ ಮಾಡುವುದಾದರೂ ಏನು? ದುರ್ಬಲರ ಪರ ನಿಲ್ಲುತ್ತಾನೆ. ಹೆಣ್ಣಿನ ಮೈಮುಟ್ಟ ಬಂದವನ ಕೈ ಮುರಿಯುತ್ತಾನೆ. ಅದಕ್ಕೆ ಶಿಳ್ಳೆ ಹೊಡೆದ ಹುಡುಗ ಥಿಯೇಟರಿನ ಹೊರಗೆ ಬಂದು ಒಬ್ಬ ಹೆಣ್ಣಿಗೆ ಹೊಲಸು ಸಂದೇಶ ಕಳುಹಿಸಿದರೆ, ಆತ ಚಿತ್ರವನ್ನೇ ನೋಡಿಲ್ಲ ಎಂದರ್ಥ.

ತುಮಕೂರು, ಗುಬ್ಬಿ, ಕುಣಿಗಲ್‌ನ ಅಭಿಮಾನಿ ಸಂಘಗಳು ರಕ್ತದಾನ ಮಾಡುತ್ತವೆ, ಅನ್ನದಾನ ಮಾಡುತ್ತವೆ. ಒಳ್ಳೆಯದು. ಮುಂದಿನ ಫ್ಲೆಕ್ಸಿನ ಒಂದು ಮೂಲೆಯಲ್ಲಿ 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನೂ ಬರೆಸಲಿ. 6106 ಬರೆಸುವುದಕ್ಕಿಂತ ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡಲು ಠಾಣೆಗೇ ಹೋಗಬೇಕೆಂದಿಲ್ಲ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಅರ್ಜಿ ಹೋದ ಮೂರು ದಿನಗಳೊಳಗೆ ಮೊದಲ ವಿಚಾರಣೆ, 60 ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯ್ದೆಯಲ್ಲೇ ಇದೆ. ದೂರು ಕೊಟ್ಟಳೆಂದು ಗಂಡನ ಮನೆಯಿಂದ ಹೊರದಬ್ಬುವಂತಿಲ್ಲ ಎಂದೂ ಇದೆ. ಕಾಯ್ದೆ ಎಲ್ಲ ಕಡೆ ಹೀಗೆಯೇ ನಡೆಯುತ್ತಿದೆ ಎಂದಲ್ಲ. ಆದರೆ ಕೇಳುವವರೇ ಇಲ್ಲದ ಕಾಯ್ದೆ ಯಾವ ಕಚೇರಿಯಲ್ಲೂ ತಾನಾಗಿ ಎದ್ದು ನಡೆಯುವುದಿಲ್ಲ. ಇದನ್ನು ಅಂಗನವಾಡಿಯ ಗೋಡೆಯ ಮೇಲೆ, ದೇವಸ್ಥಾನದ ಜಗಲಿಯಲ್ಲಿ, ಜುಮಾ ದಿನ ಮಸೀದಿಯ ಫಲಕದಲ್ಲಿ ಬರೆಸಲು ಯಾರ ಅಪ್ಪಣೆ ಬೇಕು?

ಜಮಾಅತ್‌ಗಳಿಗೂ ಊರ ಹಿರಿಯರಿಗೂ ನಮ್ಮದೊಂದು ಮನವಿ. ರಾಜಿ ಮಾಡಿಸುವುದಾದರೆ ಮಾಡಿಸಿ. ಆದರೆ ಮೊದಲು ಹೆಣ್ಣನ್ನು ಒಬ್ಬಳನ್ನೇ ಕೂರಿಸಿ, ಗಂಡನಿಲ್ಲದೆ, ಅತ್ತೆಮಾವನಿಲ್ಲದೆ, ಇನ್ನೊಬ್ಬ ಹೆಣ್ಣುಮಗಳ ಮುಂದೆ ಕೇಳಿ. ಆಕೆ ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಆಕೆಯ ಜೊತೆ ಠಾಣೆಗೋ ಆಸ್ಪತ್ರೆಗೋ ಹೋಗಲು ಇಬ್ಬರು ಏಳಿ. ಇಷ್ಟೂ ಮಾಡಲಾಗದಿದ್ದರೆ, ಕನಿಷ್ಠ ಬಾಯಿ ಮುಚ್ಚಿಕೊಂಡಿರಿ.

ದರ್ಶನ್ ಪ್ರಕರಣದಲ್ಲಿ ನ್ಯಾಯಾಲಯ ತನ್ನ ಕೆಲಸ ಮಾಡಲಿ. ಆತ ನಿರಪರಾಧಿ ಎಂದು ಸಾಬೀತಾದರೆ ಅದನ್ನು ಒಪ್ಪುವ ಪ್ರಾಮಾಣಿಕತೆ ನಮಗಿರಲಿ. ಅಪರಾಧಿ ಎಂದಾದರೂ ಅಷ್ಟೆ. ನಮ್ಮ ಪ್ರಕರಣ ಬೇರೆಯೇ ಇದೆ. ಅದಕ್ಕೆ ನ್ಯಾಯಾಲಯವಿಲ್ಲ, ಆರೋಪಪಟ್ಟಿಯಿಲ್ಲ, ಜಾಮೀನೂ ಇಲ್ಲ. ಮುಂದಿನ ಬಾರಿ ಯಾವುದಾದರೂ ತಾರಾ ದಂಪತಿಯ ಸುದ್ದಿ ಟಿ.ವಿ.ಯಲ್ಲಿ ಬಂದಾಗ, ನಾವು ಬಾಯಿ ತೆರೆಯುವ ಮುಂಚೆ ಸುತ್ತ ಒಮ್ಮೆ ನೋಡೋಣ. ಆ ಕೋಣೆಯಲ್ಲಿ, ಆ ಅಂಗಡಿಯ ಮುಂದೆ, ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಹೆಣ್ಣು ಕೂತಿರಬಹುದು. ನಾಳೆ ಠಾಣೆಗೆ ಹೋಗಬೇಕೋ, ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನಬೇಕೋ ಎಂದು ಆಕೆ ಇನ್ನೂ ತೀರ್ಮಾನಿಸಿರುವುದಿಲ್ಲ. ನಮ್ಮ ಮಾತಿಗೆ ಆಕೆ ಕಿವಿಗೊಟ್ಟಿದ್ದಾಳೆ.